ವಿಫಲವಾಗುವ ಉದಾಹರಣೆಗೂ ಪಾಠಯೋಜನೆಯಲ್ಲಿ ಜಾಗವಿರಲಿ

ಸೂಕ್ಷ್ಮ ಬೋಧನೆಗೆ ನಾನು ಆಯ್ದುಕೊಂಡ ಪಾಠ: ಸಿ ಪ್ರೋಗ್ರಾಂ ತನ್ನ ನಿಯಂತ್ರಕ ಟರ್ಮಿನಲ್ ಅನ್ನು ಪತ್ತೆಹಚ್ಚುವುದು. ‘ಟಿಟಿವೈನೇಮ್’ ಫಂಕ್ಷನ್‌ಗೆ 0 ಕೊಟ್ಟರೆ ಸಾಕು ಎಂದು ಫಲಕದಲ್ಲಿ ಬರೆದೆ. ಟರ್ಮಿನಲ್‌ನ ಹೆಸರೂ ಬಂತು. ಸಹಪಾಠಿಯೊಬ್ಬರು, “ಇನ್‌ಪುಟ್ ಅನ್ನು ಫೈಲಿನಿಂದ ಕೊಡಿ” ಎಂದರು. ಈಗ ಉತ್ತರ ‘ನಲ್’. ಗಾಬರಿಯಿಂದ ಮುಂದಿನ ಅಂಶಕ್ಕೆ ಹಾರಿದೆ.

ಗುತ್ತಲಿನ ಕೊಠಡಿಗೆ ಮರಳಿದ ಮೇಲೆ ತಪ್ಪು ತಿಳಿಯಿತು. 0 ಎಂಬುದು ಇನ್‌ಪುಟ್ ಬರುವ ದಾರಿ ಮಾತ್ರ. ನಿಯಂತ್ರಕ ಟರ್ಮಿನಲ್ ಇಡೀ ಸೆಷನ್‌ಗೆ ಸೇರಿದ್ದು. ಗದ್ದೆಗೆ ಒಂದು ದಿನ ಪಂಪ್‌ಸೆಟ್ ನೀರು ಹರಿಸಿದ ಮಾತ್ರಕ್ಕೆ ಅದು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಿಂದ ಹೊರಗಾಗುವುದಿಲ್ಲವಲ್ಲ, ಹಾಗೆ. ಸರಿಯಾದ ಪರೀಕ್ಷೆ ‘/ಡೆವ್/ಟಿಟಿವೈ’ ತೆರೆದು ನೋಡುವುದು. ತೆರೆದರೆ ಟರ್ಮಿನಲ್ ಇದೆ. ‘ಸೆಟ್‌ಎಸ್‌ಐಡಿ’ ಕರೆದು ಹೊಸ ಸೆಷನ್‌ಗೆ ಹೋದ ಪ್ರೋಗ್ರಾಂಗೆ ಅದು ತೆರೆಯದು. ‘ಸಿಟರ್ಮ್‌ಐಡಿ’ ಕೊಡುವುದು ಹೆಸರನ್ನಷ್ಟೇ, ಖಾತರಿಯನ್ನಲ್ಲ. ಲಿನಕ್ಸ್‌ನಲ್ಲಿ ಸಾಧನ ಯಾವುದೆಂದು ‘/ಪ್ರೊಕ್/ಸೆಲ್ಫ್/ಸ್ಟ್ಯಾಟ್’ ಫೈಲಿನ 7ನೆಯ ಅಂಶ ಸಂಖ್ಯೆಯಲ್ಲಿ ತಿಳಿಸುತ್ತದೆ. ಟರ್ಮಿನಲ್ ಇಲ್ಲದಿದ್ದರೆ ಅಲ್ಲಿ 0 ಇರುತ್ತದೆ.

ಆ ‘ನಲ್’ ನನ್ನ ಪಾಠದ ಅತ್ಯುತ್ತಮ ಪ್ರಶ್ನೆಯಾಗಿತ್ತು. ನಾನೇ ಅದನ್ನು ಮುಚ್ಚಿದೆ. ನಮ್ಮ ಪಾಠಯೋಜನೆಗಳಲ್ಲಿ ಗೆಲ್ಲುವ ಉದಾಹರಣೆಗಳಿಗೆ ಮಾತ್ರ ಸ್ಥಾನವಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ಅಭಿಪ್ರಾಯ. ‘ಇದು ಯಾವಾಗ ಕೆಲಸ ಮಾಡುವುದಿಲ್ಲ?’ ಎಂಬ ಅಂಕಣವೊಂದು ಬೇಕು. ಅವಲೋಕನ ಪಟ್ಟಿಯಲ್ಲಿ ಅದಕ್ಕೆ ಅಂಕವೂ ಇರಲಿ. ಸಮಯವೆಲ್ಲಿದೆ ಎನ್ನುವವರಿಗೆ ನನ್ನ ಉತ್ತರ: ಒಂದೇ ಬಗೆಯ ಎರಡು ಉದಾಹರಣೆಗಳಲ್ಲಿ ಒಂದನ್ನು ಬಿಡೋಣ. ತರಗತಿಯಲ್ಲಿ ಮಕ್ಕಳು ಅದೇ ಪ್ರಶ್ನೆ ಕೇಳಿದಾಗ ನಾವು ಮುಂದಿನ ಅಂಶಕ್ಕೆ ಹಾರಬಾರದು.