ಅಮ್ಮನ ಏಕಾದಶಿ, ಯೀಸ್ಟಿನ ಉಪವಾಸ

ಕಳೆದ ಏಕಾದಶಿಯ ದಿನ ಅಮ್ಮ ಏನೂ ತಿಂದಿರಲಿಲ್ಲ. ಶುಗರ್ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲಾ ಬೆವರಿ, ಕೈ ನಡುಗಿ, ಸೋಫಾ ಮೇಲೆ ಕುಸಿದಳು. ಸಕ್ಕರೆ ನೀರು ಕುಡಿಸಿ ಸ್ವಲ್ಪ ಸುಧಾರಿಸಿದ ಮೇಲೆ ಕೇಳಿದಳು: "ಉಪವಾಸಕ್ಕೆ ನೊಬೆಲ್ ಬಂದಿದೆ ಅಂತ ಗ್ರೂಪಿಗೆ ಹಾಕಿದ್ದು ನೀನೇ ಅಲ್ವೇನೋ?"

ಹೌದು, ನಾನೇ. ಪೂರ್ತಿ ಓದದೇ ಫಾರ್ವರ್ಡ್ ಮಾಡಿದ್ದೆ.

ಅವತ್ತು ರಾತ್ರಿ ಕೂತು ಓದಿದೆ. ನೊಬೆಲ್ ಬಂದಿದ್ದು 2016ರಲ್ಲಿ, ಜಪಾನಿನ ಯೋಶಿನೋರಿ ಓಸುಮಿ ಅವರಿಗೆ. ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಬನ್ನು ಉಬ್ಬಿಸೋ ಯೀಸ್ಟನ್ನು! ಹಸಿದ ಜೀವಕೋಶ ತನ್ನೊಳಗಿನ ಹಳೇ ಸಾಮಾನನ್ನು ಕೊಬ್ಬಿನ ಪೊರೆಯ ಚೀಲದಲ್ಲಿ ಸುತ್ತಿ, ಕರಗಿಸಿ, ಮತ್ತೆ ಬಳಸಿಕೊಳ್ಳುತ್ತೆ. ಇದೇ ಆಟೋಫಜಿ.

ನನಗೆ ಹಿಡಿಸಿದ್ದು ಆ ಚೀಲ ತಯಾರಾಗೋ ರೀತಿ. ಅದಕ್ಕೆ ಎಟಿಜಿ8 ಅನ್ನೋ ಪುಟ್ಟ ಪ್ರೋಟೀನ್ ಬೇಕು. ಯುಬಿಕ್ವಿಟಿನ್‌ನಂಥ ಅದರ ನೆಂಟರು ಸಾಮಾನ್ಯವಾಗಿ ಬೇರೆ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತವೆ. ಇದು ಮಾತ್ರ ಪೊರೆಯಲ್ಲಿರೋ ಒಂದು ಕೊಬ್ಬಿನ ಅಣುವಿಗೇ ಅಂಟುತ್ತೆ. ಓಸುಮಿ ತಂಡ ಇದನ್ನು ಪ್ರಕಟಿಸಿದ್ದು 2000ದಲ್ಲಿ.

ಅಂಟೋದೂ ಅಷ್ಟು ಸುಲಭವಲ್ಲ. ಎಟಿಜಿ4 ಅನ್ನೋ ಕಿಣ್ವ ಮೊದಲು ಎಟಿಜಿ8ರ ಬಾಲದ ತುದಿ ಕತ್ತರಿಸುತ್ತೆ; ಆಗ ಗ್ಲೈಸಿನ್ ಅನ್ನೋ ಅಮೈನೋ ಆಮ್ಲ ತುದಿಗೆ ಬರುತ್ತೆ. ಎಟಿಜಿ7 ಶಕ್ತಿ ಖರ್ಚು ಮಾಡಿ ಆ ತುದಿ ಹಿಡಿದು ಎಟಿಜಿ3ರ ಕೈಗೆ ಕೊಡುತ್ತೆ. ಅದು ಕೊಬ್ಬಿಗೆ ಜೋಡಿಸುತ್ತೆ. ಎಲ್ಲಿ ಜೋಡಿಸಬೇಕು ಅಂತ ತೋರಿಸೋಕೆ ಇನ್ನೊಂದು ಪ್ರೋಟೀನ್ ಗುಂಪೇ ಇದೆ. ಕೆಲಸ ಮುಗಿದ ಮೇಲೆ ಚೀಲದ ಹೊರಮೈಯಲ್ಲಿ ಅಂಟಿದ್ದನ್ನು ಬಿಡಿಸೋದೂ ಅದೇ ಎಟಿಜಿ4! ನಮ್ಮ ಜೀವಕೋಶಗಳಲ್ಲೂ ಇದೇ ಏರ್ಪಾಡು. ಅಲ್ಲಿ ಎಟಿಜಿ8ರ ಜಾಗದಲ್ಲಿ ಎಲ್‌ಸಿ3ಯಂಥ ಪ್ರೋಟೀನ್‌ಗಳಿವೆ. ಹೊಟ್ಟೆ ತುಂಬಿರುವಾಗಲೂ ಸಣ್ಣ ಮಟ್ಟದಲ್ಲಿ ಇದು ನಡೀತಾನೇ ಇರುತ್ತೆ.

ಅಂದರೆ ಆ ನೊಬೆಲ್‌ನಲ್ಲಿ ಏಕಾದಶಿ ಇರಲಿಲ್ಲ, ಹದಿನಾರು ಗಂಟೆ ಹಸಿದಿರಬೇಕು ಅನ್ನೋ ಲೆಕ್ಕವೂ ಇರಲಿಲ್ಲ. ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿರಿ ಅಂತ ಯಾರೂ ಹೇಳಿರಲಿಲ್ಲ.

ಮರುದಿನ ಅಮ್ಮನನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. "ಉಪವಾಸ ಮಾಡೋ ಹಾಗಿದ್ರೆ ಮೊದಲೇ ಹೇಳಿ, ಮಾತ್ರೆ ಬದಲಾಯಿಸ್ತೀನಿ" ಅಂದರು. ಗ್ರೂಪಿನಲ್ಲಿ ನನ್ನ ತಪ್ಪನ್ನೂ ಬರೆದು ಹಾಕಿದೆ. ಹದಿನೇಳು ಜನ ನೋಡಿದ್ರು, ಯಾರೂ ಉತ್ತರಿಸಲಿಲ್ಲ. ಅಮ್ಮ ಮಾತ್ರ ಅಡುಗೆಮನೆಯಿಂದಲೇ ಕೂಗಿದಳು: "ಈ ಸಲ ಪೂರ್ತಿ ಓದಿದ್ದೀಯ ತಾನೆ?"