ಸತ್ತರೆ ದುಡ್ಡು, ಬತ್ತಿದರೆ?

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಲ್ಯಾಬ್ರಡಾರ್ ಸಾಕಿದವರು ಇವತ್ತು ಕೂತಲ್ಲೇ ಫೋನು ಒತ್ತಿ ಅದರ ವಿಮೆಯನ್ನು ತಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆಯ ಖರ್ಚು ಮೂಲ ಪಾಲಿಸಿ. ಅದರ ಮೇಲೆ ನಾಯಿ ಕಳೆದುಹೋದರೆ ಇಷ್ಟು, ಯಾರಿಗಾದರೂ ಕಚ್ಚಿ ಪರಿಹಾರ ತೆರಬೇಕಾಗಿ ಬಂದರೆ ಇಷ್ಟು, ವಾಸಿಯಾಗದ ಕಾಯಿಲೆಗೆ ಇಷ್ಟು ಎಂದು ಒಂದೊಂದಕ್ಕೂ ಬೇರೆ ದರ. ನಾಯಿಯ ತಳಿ, ಗಾತ್ರ, ವಯಸ್ಸು ನೋಡಿ ಪ್ರೀಮಿಯಂ ಏರಿಳಿಯುತ್ತದೆ. ಬೇಡದ್ದನ್ನು ಬಿಡಬಹುದು, ಬೇಕಾದ್ದನ್ನು ಸೇರಿಸಬಹುದು. ಅಲ್ಲಿಂದ ಹೆದ್ದಾರಿಯಲ್ಲಿ ಮೈಸೂರಿನ ಕಡೆ ಎರಡು ಗಂಟೆ ಬಂದು ಮದ್ದೂರಿನ ಯಾವುದಾದರೂ ಊರಿನ ಕೊಟ್ಟಿಗೆಗೆ ಇಣುಕಿದರೆ, ಮನೆಯ ಖರ್ಚನ್ನೆಲ್ಲ ಹೊತ್ತು ನಿಂತ ಸೀಮೆಹಸುವಿನ ಕಿವಿಯಲ್ಲಿ ಹಳದಿ ಓಲೆಯೊಂದಿರುತ್ತದೆ. ವಿಮೆ ಇದ್ದರೆ ಅದರ ಷರತ್ತು ಒಂದೇ: ಹಸು ಸತ್ತರೆ ಹಣ. ಮುದ್ದಿಗೆ ಸಾಕಿದ ಪ್ರಾಣಿಗೆ ಅಳತೆಗೆ ಹೊಲಿದ ಅಂಗಿ, ಅನ್ನ ಕೊಡುವ ಪ್ರಾಣಿಗೆ ಸಂತೆಯಲ್ಲಿ ಸಿಕ್ಕಿದ್ದು. ಈ ಲೆಕ್ಕ ತಿರುವುಮುರುವಾಗಿದೆ ಎಂಬುದು ನನ್ನ ವಾದ.

ಸರ್ಕಾರದ ಜಾನುವಾರು ವಿಮೆ ಕೆಟ್ಟದ್ದೆಂದು ಯಾರೂ ಹೇಳಲಾರರು. 2005-06ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾದ ಯೋಜನೆ, 2014-15ರಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ನಿನೊಳಗೆ ಸೇರಿತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಅದನ್ನು ಇನ್ನಷ್ಟು ಸಲೀಸು ಮಾಡಿತು. ಮೊದಲು ಪ್ರೀಮಿಯಮ್ಮಿನಲ್ಲಿ ರೈತರ ಪಾಲು ಶೇ 20ರಿಂದ 50ರವರೆಗೆ ಇತ್ತು. ಈಗ ಅದು ಎಲ್ಲರಿಗೂ ಶೇ 15. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಅರವತ್ತು ಸಾವಿರ ಬೆಲೆಯ ಹಸುವಿಗೆ ವರ್ಷಕ್ಕೆ ನೂರಕ್ಕೆ 3ರಂತೆ ಪ್ರೀಮಿಯಂ ಹಿಡಿದರೆ 1,800 ರೂಪಾಯಿ ಆಯಿತು. ರೈತ ಕೊಡಬೇಕಾದ್ದು 270. ಡೇರಿಗೆ ಹಾಕುವ ಎಂಟು-ಹತ್ತು ಲೀಟರ್ ಹಾಲಿನ ದುಡ್ಡು. ಇಷ್ಟು ಅಗ್ಗಕ್ಕೆ ಸಿಕ್ಕುವ ವಿಮೆಯನ್ನು ಮಾಡಿಸದೆ ಬಿಡುವುದು ಜಾಣತನವಲ್ಲ. ಆದರೆ ಈ ವಿಮೆ ರಾಸಿನ ಬಗ್ಗೆ ಎರಡೇ ಸಂಗತಿ ತಿಳಿಯಬಯಸುತ್ತದೆ: ಅದರ ಬೆಲೆ ಎಷ್ಟು, ಅದು ಬದುಕಿದೆಯೋ ಇಲ್ಲವೋ. ಬೆಲೆ ಕಟ್ಟುವ ಕ್ರಮವೂ ಸರಳ. ದಿನಕ್ಕೆ ಕೊಡುವ ಹಾಲಿನ ಲೀಟರಿಗೆ ಹಸುವಾದರೆ ಕನಿಷ್ಠ 3,000 ರೂಪಾಯಿ, ಎಮ್ಮೆಯಾದರೆ 4,000, ಇಲ್ಲವೇ ಸ್ಥಳೀಯ ಪೇಟೆಯ ಬೆಲೆ. ಹಸುವಿನ ಬೆಲೆಯನ್ನು ಹಾಲಿನ ಲೀಟರಿನಲ್ಲಿ ಅಳೆದ ಮೇಲೆ ಆ ಹಾಲು ನಿಂತುಹೋದಾಗ ಏನೂ ಕೊಡದಿರುವುದು ಯಾವ ತರ್ಕ? ನನಗಂತೂ ತಿಳಿಯದು.

ಏಕೆಂದರೆ ಕೊಟ್ಟಿಗೆಯನ್ನು ಮುಳುಗಿಸುವುದು ಸಾವೊಂದೇ ಅಲ್ಲ. 2013ರಲ್ಲಿ ರಾಜ್ಯಕ್ಕೆ ಕಾಲುಬಾಯಿ ಜ್ವರ ನುಗ್ಗಿ ರಾಸುಗಳು ಸಾಲುಸಾಲಾಗಿ ಸತ್ತದ್ದು ಎಲ್ಲರಿಗೂ ನೆನಪಿದೆ. ಬದುಕಿ ಉಳಿದವುಗಳ ಕತೆ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಆ ಜ್ವರದಿಂದ ಚೇತರಿಸಿಕೊಂಡ ಸೀಮೆಹಸು ಎಷ್ಟೋ ಸಲ ಸ್ವಲ್ಪ ಬಿಸಿಲಿಗೂ ಏದುಸಿರು ಬಿಡುತ್ತದೆ, ಬೆದೆಗೆ ಬರುವುದು ತಪ್ಪುತ್ತದೆ, ಹಾಲು ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. 2022ರ ಚರ್ಮಗಂಟು ರೋಗದಲ್ಲೂ ಇದೇ ಆಯಿತು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಎಂದು ಸರ್ಕಾರ ಪರಿಹಾರ ಕೊಟ್ಟಿತು. ಗಂಟುಗಳು ಒಡೆದು ಹಾಲು ಇಳಿದ ಹಸುವಿನ ಒಡೆಯನಿಗೆ ಸಿಕ್ಕಿದ್ದು ಔಷಧಿಯ ಚೀಟಿ. ಈ ದೊಡ್ಡ ರೋಗಗಳನ್ನೆಲ್ಲ ಬದಿಗಿಡೋಣ. ಕೆಚ್ಚಲು ಬಾವು ಎಂಬ ದಿನನಿತ್ಯದ ಶತ್ರುವನ್ನೇ ತೆಗೆದುಕೊಳ್ಳಿ. ಅದಕ್ಕೆ ಹಸು ಸಾಯುವುದು ಅಪರೂಪ. ಒಂದೊಂದೇ ಮೊಲೆ ಕೆಟ್ಟು ಬತ್ತುತ್ತಾ ಹೋಗುತ್ತದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 2022ರ ಡಿಸೆಂಬರ್ 30ರಂದು ಉದ್ಘಾಟನೆಯಾದ ಮೆಗಾ ಡೇರಿಯ ಹಿಂದೆ ನಿಂತಿರುವುದು ಇಂಥ ಒಂದೆರಡು ಹಸುಗಳ ಕೊಟ್ಟಿಗೆಗಳೇ. ಅಲ್ಲಿ ಒಂದು ಹಸು ಬತ್ತಿದರೆ ಹಾಲಿನ ಬಟವಾಡೆ ಅರ್ಧಕ್ಕಿಳಿಯುತ್ತದೆ, ಮೇವಿನ ಖರ್ಚು ಮಾತ್ರ ಒಂದು ರೂಪಾಯಿಯೂ ಇಳಿಯುವುದಿಲ್ಲ. ಮೊದಲಾದರೆ ಗೊಡ್ಡು ರಾಸನ್ನು ಮಾರಿ ಬಂದಷ್ಟು ದುಡ್ಡಿಗೆ ಇನ್ನಷ್ಟು ಸೇರಿಸಿ ಬೇರೆ ಹಸು ತರುತ್ತಿದ್ದರು. 13 ವರ್ಷ ಮೀರಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದೆಲ್ಲ ದನ-ಎಮ್ಮೆಗಳ ವಧೆಯನ್ನು ನಿಷೇಧಿಸಿದ 2020ರ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿದೆ. ಕಾಯ್ದೆ ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ. ಅದರ ಪರಿಣಾಮ ಸ್ಪಷ್ಟ: ಹಾಲು ಕೊಡದ ಹಸುವಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಮನೆಯಲ್ಲಿ ಖರ್ಚು ತಪ್ಪಿಲ್ಲ. ಸತ್ತ ಹಸುವಿಗಿಂತ ಬತ್ತಿದ ಹಸುವೇ ರೈತನಿಗೆ ದುಬಾರಿ.

ಇದಕ್ಕೆ ಔಷಧವೇ ಇಲ್ಲವೆಂದಲ್ಲ. ವಿಮಾ ಕಂಪನಿಗಳ ಜಾನುವಾರು ಪಾಲಿಸಿಯಲ್ಲಿ ‘ಶಾಶ್ವತ ಪೂರ್ಣ ಅಂಗವೈಕಲ್ಯ’ ಎಂಬ ಹೆಚ್ಚುವರಿ ರಕ್ಷಣೆ ಬಹಳ ಕಾಲದಿಂದಲೂ ಇದೆ. ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದರೆ, ಹಸು ಶಾಶ್ವತವಾಗಿ ಗಬ್ಬ ನಿಲ್ಲದಂತಾದರೆ ಅಥವಾ ಹಾಲು ಕೊಡದಂತಾದರೆ, ಎತ್ತು ದುಡಿಯಲಾರದಂತಾದರೆ, ವಿಮೆ ಮೊತ್ತದ ಸಾಮಾನ್ಯವಾಗಿ ಶೇ 75ರಷ್ಟು ಸಿಗುತ್ತದೆ. ಅಂದರೆ ನಾಯಿಗೆ ಸಿಗುವ ಆಯ್ಕೆಯ ಒಂದು ಎಳೆ ಹಸುವಿಗೂ ಇದೆ. ಆದರೆ ಸಾಲ ಮಂಜೂರಾಗುವಾಗಲೋ ಸಬ್ಸಿಡಿ ಶಿಬಿರದಲ್ಲೋ ಸಾಲಾಗಿ ಓಲೆ ಹೊಡೆಯುತ್ತಾ ಹೋಗುವಾಗ ‘ಇದು ಬೇಕೇ?’ ಎಂದು ಕೇಳುವ ಪುರುಸೊತ್ತು ಯಾರಿಗಿದೆ? ಎತ್ತಿನ ವಿಷಯದಲ್ಲಂತೂ ಈ ಅಸಡ್ಡೆ ಇನ್ನೂ ದುಬಾರಿ. ಬೇಬಿ ಬೆಟ್ಟದ ಜಾತ್ರೆಯಲ್ಲೋ ಹೇಮಗಿರಿಯಲ್ಲೋ ಹಳ್ಳಿಕಾರ್ ಜೋಡಿಯ ಬೆಲೆ ಲಕ್ಷಗಳಲ್ಲಿ ಮಾತಾಡುತ್ತದೆ. ಅದೂ ಜೋಡಿಗೆ ಕಟ್ಟುವ ಬೆಲೆ. ಒಂದು ಎತ್ತಿನ ಕಾಲು ಮುರಿದರೆ ಇನ್ನೊಂದರ ಬೆಲೆ ಅರ್ಧವಾಗಿ ಉಳಿಯುವುದಿಲ್ಲ, ಅದಕ್ಕೂ ಕೆಳಗಿಳಿಯುತ್ತದೆ. ಕೊಂಬು, ಬಣ್ಣ, ಎತ್ತರ, ನಡಿಗೆ ಹೊಂದುವ ಜೊತೆಗಾರನನ್ನು ಹುಡುಕುವುದು ಎಂಥ ಕಷ್ಟ ಎಂಬುದು ಎತ್ತು ಕಟ್ಟಿದವರಿಗೆ ಗೊತ್ತು. ವಿಮೆಯ ಕಾಗದದಲ್ಲಿ ‘ಜೋಡಿ’ ಎಂಬ ಪದವೇ ಇಲ್ಲ. ಮೇಲಾಗಿ ಸಾಮಾನ್ಯ ಪಾಲಿಸಿಯ ಹೊರಗಿಡುವ ಪಟ್ಟಿಯಲ್ಲಿ ‘ಅತಿಭಾರ ಹೇರಿಕೆ’ ಇದೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ, ಆಲೆಮನೆಗಳಿಗೆ ಹೆಸರಾದ ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಗಾಡಿ ಎಳೆಯುವ ಎತ್ತಿಗೆ ಈ ಷರತ್ತು ಅನ್ವಯಿಸಿದರೆ ಅದು ವಿಮೆಯೇ ಅಲ್ಲ, ಬರಿಯ ಸಮಾಧಾನ. ಗಾಡಿಯ ಎತ್ತು, ಉಳುವ ಎತ್ತು, ಜಾತ್ರೆಯಲ್ಲಿ ಮೆರೆಯುವ ಎತ್ತು, 2023ರ ಮೇ 18ರ ಸುಪ್ರೀಂ ಕೋರ್ಟ್ ತೀರ್ಪಿನ ಬಲದ ಮೇಲೆ ಓಡುವ ಓಟದ ಎತ್ತು: ನಾಲ್ಕರ ಅಪಾಯವೂ ನಾಲ್ಕು ಬಗೆ. ಓಟದ ಎತ್ತಿನ ಒಡೆಯ ಹೆಚ್ಚು ಪ್ರೀಮಿಯಂ ಕಟ್ಟಲಿ, ತಪ್ಪಿಲ್ಲ. ಮನೆಯ ಹೊಲ ಉಳುವವನು ಅವನ ಅಪಾಯವನ್ನು ಯಾಕೆ ಹೊರಬೇಕು?

ಮಳವಳ್ಳಿಯ ಕಡೆ ತಿರುಗಿದರೆ ಒಂದೇ ಅಳತೆಯ ಅನ್ಯಾಯ ಕಣ್ಣಿಗೆ ಹೊಡೆದು ಕಾಣುತ್ತದೆ. ಆ ತಾಲ್ಲೂಕಿನ ಬಂಡೂರು ಎಂಬ ಹಳ್ಳಿ ತನ್ನ ಹೆಸರನ್ನೇ ಒಂದು ಕುರಿ ತಳಿಗೆ ಕೊಟ್ಟಿದೆ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಮಗುಚಿಟ್ಟ ಲಾಳದಂಥ ಆಕಾರ. ಇದರ ಮಾಂಸದ ರುಚಿಗೆ ಮನಸೋತವರು ಬೆಲೆ ಕೇಳುವುದಿಲ್ಲ. ತಳಿಗೆಂದು ಇಟ್ಟ ಒಳ್ಳೆಯ ಟಗರು ಲಕ್ಷ ದಾಟಿ ಮಾರಾಟವಾಗಿ ಪತ್ರಿಕೆಯಲ್ಲಿ ಸುದ್ದಿಯಾದದ್ದೂ ಉಂಟು. ಶುದ್ಧ ತಳಿ ಉಳಿಸಲೆಂದೇ ಧನಗೂರಿನಲ್ಲಿ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರವಿದೆ. ಇಷ್ಟಿದ್ದೂ, ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗೆ ರಾಜ್ಯದ ಅನುಗ್ರಹ ಯೋಜನೆ ಕೊಡುವುದು ತಳಿ ಯಾವುದೇ ಇರಲಿ ಒಂದೇ ಮೊತ್ತ. 2025-26ರ ಬಜೆಟ್ ಅದನ್ನು 5,000ದಿಂದ 7,500 ರೂಪಾಯಿಗೆ ಏರಿಸಿತು. ಇದು ಪರಿಹಾರ, ವಿಮೆಯಲ್ಲ. ಬಡ ಕುರಿಗಾಹಿಗೆ ಆಸರೆ, ಸ್ವಾಗತಾರ್ಹ. ಆದರೆ ಬಂಡೂರು ಟಗರಿನ ಒಡೆಯನಿಗೆ ಅದು ಹಗ್ಗದ ಬೆಲೆ. ಅವನಿಗೆ ಬೇಕಾದ್ದು ತಳಿಯ ದಾಖಲೆ ನೋಡಿ ಕಟ್ಟಿದ ಬೆಲೆ, ಟಗರು ಸಂತಾನಶಕ್ತಿ ಕಳೆದುಕೊಂಡರೆ ರಕ್ಷಣೆ, ದೂರದ ಸಂತೆಗೆ ಸಾಗಿಸುವಾಗಿನ ಅಪಾಯಕ್ಕೆ ರಕ್ಷಣೆ. ಅದೇ ಊರಿನಲ್ಲಿ ಐವತ್ತು ಮಾಂಸದ ಕುರಿ ಮೇಯಿಸುವವನಿಗೆ ಇದಾವುದೂ ಬೇಡ. ನೀಲಿ ನಾಲಗೆಯೋ ಕರುಳುಬೇನೆಯೋ ಬಂದು ಒಂದೇ ವಾರದಲ್ಲಿ ಹಿಂಡಿಗೆ ಹಿಂಡೇ ಮಲಗಿದರೆ ಮತ್ತೆ ಶುರುಮಾಡಲು ಹಣ ಬೇಕು, ಅಷ್ಟೇ. ಹತ್ತು ಕುರಿಯನ್ನು ಒಂದು ‘ಜಾನುವಾರು ಘಟಕ’ ಎಂದು ಎಣಿಸುವ ಸರ್ಕಾರಿ ಲೆಕ್ಕ ಹಿಂಡಿನವನಿಗೆ ಸರಿ. ಒಂಟಿ ಟಗರಿನವನಿಗೆ ಅಲ್ಲ.

ನಾಯಿಯ ಮಾತಿಗೆ ಮರಳಿದರೆ, ಮಂಡ್ಯ ಪೇಟೆಯಲ್ಲೂ ಈಗ ವಿದೇಶಿ ತಳಿಗಳು ಮನೆಮನೆಗೆ ಬಂದಿವೆ. ಲ್ಯಾಬ್ರಡಾರಿನಂಥ ಭಾರದ ನಾಯಿಗೆ ಸೊಂಟದ ಮೂಳೆಯ ತೊಂದರೆ ಬರುವುದುಂಟು; ಪಾಲಿಸಿ ಕೊಳ್ಳುವ ಮೊದಲು ವಂಶಪಾರಂಪರ್ಯದ ಕಾಯಿಲೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿಕೊಳ್ಳಬೇಕು. ಲಸಿಕೆ ಹಾಕಿಸದ ನಾಯಿಗೆ ಪಾರ್ವೋ ಸೋಂಕು ಬಂದರೆ ಹಣ ಸಿಗುವುದೂ ಕಷ್ಟ. ಹಿತ್ತಿಲು ಕಾಯುವ ನಾಟಿ ನಾಯಿಗೆ ವಿಮೆಗಿಂತ ಮೊದಲು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲಿ. ಅಷ್ಟು ಸಾಕು.

ರಾಸಿಗೆ ತಕ್ಕ ವಿಮೆ ಬೇಕೆಂಬ ವಾದಕ್ಕೆ ವಿಮೆಯವರು ಎತ್ತುವ ಮೊದಲ ಆಕ್ಷೇಪ ಮೋಸದ್ದು. ಸತ್ತದ್ದನ್ನಾದರೆ ಕಣ್ಣಿಂದ ಕಾಣಬಹುದು, ಮರಣೋತ್ತರ ಪರೀಕ್ಷೆ ಮಾಡಬಹುದು. ಹಾಲು ಬತ್ತಿದೆ ಎಂಬುದನ್ನು ನಂಬುವುದು ಹೇಗೆ? ಓಲೆಯನ್ನೇ ಒಂದು ಕಿವಿಯಿಂದ ಇನ್ನೊಂದಕ್ಕೆ ದಾಟಿಸುವವರಿಲ್ಲವೇ? ಇದ್ದಾರೆ, ಒಪ್ಪೋಣ. ಆದರೆ ಮೋಸ ಸಾವಿನಲ್ಲೂ ನಡೆಯುತ್ತದೆ, ಅದಕ್ಕೆಂದು ಸಾವಿನ ವಿಮೆ ನಿಲ್ಲಿಸಿಲ್ಲ. ಈಗ ಓಲೆಯ 12 ಅಂಕಿಗಳ ಸಂಖ್ಯೆಗೆ ಲಸಿಕೆ, ಗರ್ಭಧಾರಣೆಯ ದಾಖಲೆ ಜೋಡಿಸಬಹುದು. ಮನುಷ್ಯನ ಬೆರಳಚ್ಚಿನ ಹಾಗೆ ಒಂದು ಹಸುವಿನ ಮೂಗಿನ ಗೆರೆ ಇನ್ನೊಂದಕ್ಕಿಲ್ಲ. ಫೋಟೊದಿಂದ ಗುರುತು ಹಿಡಿಯುವುದು ಸಾಧ್ಯ. ಡೇರಿಯ ಪುಸ್ತಕದಲ್ಲಿ ಹಾಲು ಸದಸ್ಯರ ಹೆಸರಿಗೆ ಬರೆದಿರುತ್ತದೆ, ಹಸುವಿನ ಹೆಸರಿಗಲ್ಲ ಎಂಬುದು ನಿಜವಾದ ಕೊರತೆ. ಆದರೂ ಎರಡು ಹಸುವಿನ ಮನೆಯಲ್ಲಿ ಹಾಲು ಹಠಾತ್ತನೆ ಅರ್ಧವಾದದ್ದು ಆ ಪುಸ್ತಕದಲ್ಲೇ ಕಾಣುತ್ತದಲ್ಲ! ಇದಕ್ಕಿಂತ ಆಳವಾದ ಆಕ್ಷೇಪ ಇನ್ನೊಂದಿದೆ. ಆಯ್ಕೆ ಕೊಟ್ಟರೆ ನರಳುವ ರಾಸಿನವರೇ ಆ ರಕ್ಷಣೆಯನ್ನು ಕೊಳ್ಳುತ್ತಾರೆ, ಪ್ರೀಮಿಯಂ ಏರುತ್ತದೆ, ಕೊನೆಗೆ ಯಾರಿಗೂ ಕೈಗೆಟುಕದು. ಇದು ಒಳ್ಳೆಯ ವಾದ. ಉತ್ತರ ಡೇರಿ ಸಂಘದಲ್ಲಿದೆ. ಸಾವಿನ ವಿಮೆಯೂ ಹಾಲು ಬತ್ತುವುದರ ವಿಮೆಯೂ ಊರಿನ ಸಂಘದ ಎಲ್ಲ ಹಾಲಿನ ಹಸುಗಳಿಗೂ ಒಟ್ಟಿಗೆ ಆಗಲಿ. ಗಟ್ಟಿಮುಟ್ಟಾದವು, ಬಡಕಲಾದವು ಒಂದೇ ಬುಟ್ಟಿಯಲ್ಲಿರಲಿ. ಅದರ ಮೇಲಿನ ಓಟ, ಸಾಗಣೆ, ತಳಿಬೆಲೆ, ಜೋಡಿ ಇವು ಮಾತ್ರ ಒಡೆಯನ ಇಚ್ಛೆಗೆ ಬಿಡಲಿ. ಗುಂಪಿನಲ್ಲಿ ಹಂಚಿಕೊಳ್ಳಬೇಕಾದ ಅಪಾಯ ಯಾವುದು, ಒಬ್ಬೊಬ್ಬರೇ ಆರಿಸಬೇಕಾದ್ದು ಯಾವುದು ಎಂದು ಬೇರ್ಪಡಿಸಿದರೆ ಗಂಟು ಬಹುಪಾಲು ಬಿಚ್ಚಿಕೊಳ್ಳುತ್ತದೆ.

ರೈತರ ಪರವಾಗಿಯೇ ಹುಟ್ಟುವ ಆಕ್ಷೇಪವೂ ಇದೆ: ಆಯ್ಕೆ ಹೆಚ್ಚಿದಷ್ಟೂ ಸಣ್ಣ ಅಕ್ಷರ ಹೆಚ್ಚುತ್ತದೆ, ಸಣ್ಣ ಅಕ್ಷರದಲ್ಲಿ ಸೋಲುವವನು ಯಾವಾಗಲೂ ರೈತನೇ. ಈ ಅನುಮಾನವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ನಾಯಿ ಪಾಲಿಸಿಗಳ ಹೊರಗಿಡುವ ಪಟ್ಟಿ ಓದಿದವರಾರೂ ತಳ್ಳಿಹಾಕಲಾರರು. ಆದರೆ ಈಗಿನ ಒಂದೇ ಅಳತೆಯ ಪಾಲಿಸಿಯಲ್ಲೂ ಸಣ್ಣ ಅಕ್ಷರ ಇದ್ದೇ ಇದೆ. ಅತಿಭಾರ ಅಲ್ಲೇ ಇದೆ, ಕಳವು ಅಲ್ಲೇ ಇದೆ, ಓಲೆ ಇಲ್ಲದಿದ್ದರೆ ಹಣವಿಲ್ಲ ಎಂಬುದೂ ಅಲ್ಲೇ ಇದೆ. ರಾಸು ಹಾಲಿಗೋ, ದುಡಿಮೆಗೋ, ತಳಿಗೋ, ಮಾಂಸಕ್ಕೋ ಎಂಬ ಒಂದೇ ಪ್ರಶ್ನೆ ಕೇಳಿ ಅದಕ್ಕೆ ತಕ್ಕ ಕನ್ನಡದ ಒಂದು ಹಾಳೆಯನ್ನು ಕೈಗಿಟ್ಟರೆ ಗೊಂದಲ ಹೆಚ್ಚುವುದಿಲ್ಲ, ತಗ್ಗುತ್ತದೆ. ಸರ್ಕಾರಿ ಪಶು ಆಸ್ಪತ್ರೆ ಇದೆಯಲ್ಲ, 1962ಕ್ಕೆ ಫೋನು ಮಾಡಿದರೆ ಗಾಡಿ ಮನೆಬಾಗಿಲಿಗೆ ಬರುತ್ತದಲ್ಲ ಎನ್ನುವವರಿಗೆ ಉತ್ತರ ಚಿಕ್ಕದು: ಆ ಗಾಡಿ ರೋಗಕ್ಕೆ ಮದ್ದು ತರುತ್ತದೆ, ನಿಂತುಹೋದ ಬಟವಾಡೆಯನ್ನು ತರುವುದಿಲ್ಲ.

ಇದೆಲ್ಲ ಜಾರಿಗೆ ಬರುವವರೆಗೆ ಕಾಯದೆ ಮಾಡಬಹುದಾದ್ದೂ ಒಂದಿದೆ. ಪಾಲಿಸಿ ಶುರುವಾದ ಮೊದಲ 15 ದಿನಗಳಲ್ಲಿ ಬಂದ ರೋಗಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹಾಲಿನ ಹಸುವಿಗೆ ಹೆಚ್ಚು ಅಪಾಯ ಇರುವುದು ಕರು ಹಾಕುವ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೇ ಬರುವ ಹಾಲುಜ್ವರ, ಕೆಚ್ಚಲು ಬಾವಿನ ದಿನಗಳಲ್ಲಿ. ಕರು ಹಾಕಿದ ಮೇಲೆ ಹಾಲು ಎಷ್ಟು ಬರುತ್ತದೋ ನೋಡಿ ವಿಮೆ ಮಾಡಿಸೋಣ ಎಂದುಕೊಂಡರೆ ಅಪಾಯ ಕಳೆದ ಮೇಲೆ ಕೊಡೆ ಬಿಚ್ಚಿದಂತೆ. ಈಯುವುದಕ್ಕೆ ಎರಡು ತಿಂಗಳ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸುತ್ತೇವಲ್ಲ, ಆ ವಾರವೇ ಓಲೆಯ ಸಂಖ್ಯೆ ಹಿಡಿದುಕೊಂಡು ವಿಮೆಯವರ ಬಳಿ ಹೋಗಿ, ಅಂಗವೈಕಲ್ಯದ ರಕ್ಷಣೆಗೆ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಬರಬೇಕು.