ಬಂಡೆಯಲ್ಲಿ ಉಳಿದ ಕಬ್ಬಿಣಕ್ಕೆ ಹೊಣೆ ಯಾರು?

ಕಳೆದ ಮಳೆಗಾಲದ ಕೊನೆಗೆ ಬೆಂಗಳೂರಿನಿಂದ ಹೊನ್ನಾಳಿಯ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗ ತನ್ನ ಚೀಲದಿಂದ ಒಂದು ಮೊಳದಷ್ಟು ಉದ್ದದ ನೈಲಾನ್ ಪಟ್ಟಿಯನ್ನು ತೆಗೆದು ನನ್ನ ಮುಂದಿಟ್ಟ. ಒಂದು ಕಾಲಕ್ಕೆ ಅದು ಕೆಂಪಾಗಿದ್ದಿರಬೇಕು. ಈಗ ಬಿಸಿಲಿಗೆ ಬಿಳಿಚಿ, ಅಂಚು ಸವೆದು, ಒಣಗಿದ ಬಾಳೆಪಟ್ಟೆಯಂತೆ ಕಾಣುತ್ತಿತ್ತು. ಪಶ್ಚಿಮ ಘಟ್ಟದ ಜಲಪಾತವೊಂದನ್ನು ಹಗ್ಗದ ನೆರವಿನಿಂದ ಇಳಿಯಲು ಹೋಗಿದ್ದ ಅವನ ತಂಡಕ್ಕೆ, ನೆತ್ತಿಯ ಮೇಲಿನ ಮರಕ್ಕೆ ಹಿಂದಿನವರಾರೋ ಕಟ್ಟಿ ಬಿಟ್ಟುಹೋಗಿದ್ದ ಈ ಪಟ್ಟಿ ಸಿಕ್ಕಿತ್ತು. ‘ಹಿಂದಿನವರು ಇದರಲ್ಲೇ ಇಳಿದಿದ್ದಾರೆ, ನಮಗೂ ಸಾಕು’ ಎಂದು ಕೆಲವರು ಹೇಳಿದರಂತೆ. ತಂಡದಲ್ಲಿದ್ದ ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. ಇಬ್ಬರು ಸೇರಿ ಬಲವಾಗಿ ಜಗ್ಗಿದಾಗ ಪಟ್ಟಿ ಗಂಟಿನ ಬಳಿ ಕಿತ್ತು ಕೈಗೆ ಬಂತು. ‘ಮಾವ, ಮೊದಲು ಇಳಿಯಬೇಕಿದ್ದವನು ನಾನೇ’ ಎಂದು ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಈ ಸಾಹಸವನ್ನು ಕ್ಯಾನಿಯನಿಂಗ್ ಎನ್ನುತ್ತಾರೆ. ಹಳ್ಳವು ಕೊರೆದ ಕಮರಿಯೊಳಗೆ ನಡೆದು, ಈಜಿ, ಧುಮುಕುವ ನೀರಿನ ಪಕ್ಕದಲ್ಲಿ ಹಗ್ಗ ಹಿಡಿದು ಇಳಿಯುವುದು ಇದರ ಕ್ರಮ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಇದು ಈಗಾಗಲೇ ಜನಪ್ರಿಯವಾಗಿದೆ. ನಮ್ಮ ಮಲೆನಾಡಿಗೂ ಕಾಲಿಡುತ್ತಿದೆ. ಬೆಟ್ಟ ಹತ್ತುವವನಿಗೆ ಇಲ್ಲದ ಒಂದು ತೊಡಕು ಇಲ್ಲಿದೆ. ಹಗ್ಗವನ್ನು ಮೇಲೆ ಯಾವುದಾದರೂ ಆಧಾರಕ್ಕೆ ಸಿಕ್ಕಿಸಲೇಬೇಕು. ಕೊನೆಯವನೂ ಇಳಿದ ಮೇಲೆ ಹಗ್ಗದ ಒಂದು ತುದಿಯನ್ನು ಎಳೆದು ಕೆಳಗೆ ಬೀಳಿಸಿಕೊಳ್ಳಬಹುದು, ಆದರೆ ಆ ಹಗ್ಗವನ್ನು ಹೊತ್ತಿದ್ದ ಪಟ್ಟಿ, ಬಳೆ ಅಥವಾ ಬಂಡೆಗೆ ಕೊರೆದು ಕೂರಿಸಿದ ಬೋಲ್ಟು ಮೇಲೆಯೇ ಉಳಿಯುತ್ತದೆ. ಅದನ್ನು ಬಿಚ್ಚಲು ಯಾರೂ ಮತ್ತೆ ಮೇಲೆ ಹೋಗುವುದಿಲ್ಲ. ಹೀಗೆ ಉಳಿದುದರ ಒಡೆಯ ಯಾರು? ಅದು ಹಾಳಾದಾಗ ಉತ್ತರ ಹೇಳುವವರು ಯಾರು? ಬೆರಳೆಣಿಕೆಯ ಹವ್ಯಾಸಿಗಳ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ಯಾರಿಗೂ ಸೇರದ, ಎಲ್ಲರಿಗೂ ಸೇರಿದ ಸ್ಥಳಗಳನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದೇ ಇಲ್ಲಿನ ಮೂಲಪ್ರಶ್ನೆ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಜಲಪಾತಗಳಿಗಿಂತ ಮೊದಲೇ ಬಂಡೆಗಳ ಮೇಲೆ ಮೂಡಿದೆ. ರಾಮನಗರ, ಸಾವನದುರ್ಗ ಮತ್ತು ಬಾದಾಮಿಗಳಲ್ಲಿ ದೇಶವಿದೇಶಗಳ ಆರೋಹಿಗಳು ದಶಕಗಳಿಂದ ಹತ್ತುತ್ತಿದ್ದಾರೆ. ಅನೇಕ ಹಾದಿಗಳಲ್ಲಿ ಬೋಲ್ಟುಗಳು ಖಾಯಂ ಆಗಿ ನೆಲೆಸಿವೆ. ರಾಮನಗರದ ಕಲ್ಲು ಗಟ್ಟಿಯಾದ ಗ್ರಾನೈಟ್. ಬಾದಾಮಿಯದು ಮರಳುಗಲ್ಲು, ನೆನೆದಾಗ ಅದರ ಬಲ ಗಣನೀಯವಾಗಿ ಕುಗ್ಗುತ್ತದೆ, ಹಗ್ಗವನ್ನು ಒಂದೇ ಕಡೆ ಪದೇ ಪದೇ ಎಳೆದರೆ ಕಲ್ಲಿನ ಅಂಚಿನಲ್ಲಿ ಗೀರು ಬೀಳುತ್ತದೆ. ಚಾಲುಕ್ಯರು ಕ್ರಿ.ಶ. 578ರಲ್ಲಿ ಮೂರನೆಯ ಗುಹೆಯ ಶಾಸನವನ್ನು ಕೆತ್ತಿಸಿದ್ದು ಇದೇ ಕಲ್ಲಿನ ಸಾಲಿನಲ್ಲಿ. ಇನ್ನು ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಆರೋಹಿ ಬಯಸುವಂಥ ಕಡಿದಾದ ಬಂಡೆಯ ಗೋಡೆಯಲ್ಲಿಯೇ. ಅಲ್ಲಿ ನೆಟ್ಟ ಒಂದು ಬೋಲ್ಟು ಮುಂದೆ ಬರುವ ನೂರು ಜನರಿಗೆ ಆಹ್ವಾನಪತ್ರಿಕೆಯಾಗುತ್ತದೆ.

ಹಾಗಾದರೆ ಎಲ್ಲ ಕಬ್ಬಿಣವನ್ನೂ ಕಿತ್ತೆಸೆಯಬೇಕೆ? ಈ ವಾದವನ್ನು ಮಂಡಿಸುವವರ ಬೆನ್ನಿಗೆ ಒಂದು ಗೌರವಾನ್ವಿತ ಪರಂಪರೆಯಿದೆ. ಅಮೆರಿಕದ ಯವಾನ್ ಷೂನಾರ್ಡ್ ಬಂಡೆಯ ಬಿರುಕಿಗೆ ಬಡಿಯುವ ಉಕ್ಕಿನ ಮೊಳೆಗಳನ್ನು ತಯಾರಿಸಿ ಮಾರುತ್ತಿದ್ದವರು. ಬಡಿದು ಕೀಳುವ ಈ ಮೊಳೆಗಳಿಂದ ಯೋಸೆಮಿಟಿಯ ಬಂಡೆಗಳು ವಿರೂಪಗೊಳ್ಳುತ್ತಿರುವುದನ್ನು ಕಣ್ಣಾರೆ ಕಂಡು, 1972ರ ತಮ್ಮ ಸರಕಿನ ಪಟ್ಟಿಯಲ್ಲಿಯೇ ಅವುಗಳ ಬದಲು ಕೈಯಿಂದ ಸಿಕ್ಕಿಸಿ ಕೈಯಿಂದಲೇ ತೆಗೆಯಬಹುದಾದ ಲೋಹದ ತುಂಡುಗಳನ್ನು ಬಳಸುವಂತೆ ಗ್ರಾಹಕರಲ್ಲಿ ವಿನಂತಿಸಿದರು. ತಮ್ಮ ವ್ಯಾಪಾರದ ಮುಖ್ಯ ಸರಕಿನ ವಿರುದ್ಧ ತಾವೇ ಮಾತನಾಡಿದ ವರ್ತಕರು ಅಪರೂಪ. ಇಂದು ಕಮರಿ ಇಳಿಯುವವರಲ್ಲಿಯೂ ನುರಿತವರು, ಕೆಳಗಿನಿಂದ ಎಳೆದರೆ ಆಧಾರವೂ ಕಳಚಿಕೊಂಡು ಬರುವಂಥ ಉಪಾಯಗಳನ್ನು ಬಳಸುತ್ತಾರೆ. ಹಿಂದೆ ಏನೂ ಉಳಿಯುವುದಿಲ್ಲ.

ಆದರೆ ಆ ಕೌಶಲ ಎಲ್ಲರಿಗೂ ಒಲಿದದ್ದಲ್ಲ. ಅರೆಬರೆ ಕಲಿತವನ ಕೈಯಲ್ಲಿ ಅದು ಕೊನೆಯವನು ಇಳಿಯುತ್ತಿರುವಾಗಲೇ ಕಳಚಿಕೊಳ್ಳಬಹುದು. ಇನ್ನೊಂದು ಮಾತನ್ನೂ ಗಮನಿಸಬೇಕು. ಸ್ಥಿರವಾದ ಆಧಾರವಿಲ್ಲದ ಕಡೆ ಪ್ರತಿ ತಂಡವೂ ತನ್ನದೊಂದು ಪಟ್ಟಿಯನ್ನು ಕಟ್ಟಿ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಮರದ ಬುಡಕ್ಕೆ ಬಣ್ಣಬಣ್ಣದ ಪಟ್ಟಿಗಳ ಕಂತೆ ಸೇರುತ್ತದೆ, ಹಗ್ಗದ ಉಜ್ಜಿಗೆ ತೊಗಟೆ ಸುಲಿಯುತ್ತದೆ. ಅದಕ್ಕಿಂತ ಒಳ್ಳೆಯ ಸ್ಟೇನ್‌ಲೆಸ್ ಉಕ್ಕಿನ ಎರಡು ಬೋಲ್ಟುಗಳು ಕಡಿಮೆ ಗಾಯವನ್ನೇ ಮಾಡುತ್ತವೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ನೈಲಾನ್ ಬಿಸಿಲಿಗೆ ಸೊರಗುತ್ತದೆ. ಅಗ್ಗದ ಲೇಪದ ಉಕ್ಕು ನೀರಿನ ತುಂತುರಿನಲ್ಲಿ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹೊರಗಿನ ತಲೆ ಹೊಳೆಯುತ್ತಿದ್ದರೂ ಬಂಡೆಯೊಳಗಿನ ಕಾಂಡ ಸವೆದಿರಬಹುದು. ಅಪಾಯವಿರುವುದು ಇಲ್ಲಿಯೇ: ಹಳೆಯ ಆಧಾರವು ಭದ್ರತೆಯ ವೇಷ ತೊಟ್ಟು ನಿಂತಿರುತ್ತದೆ.

ಹೊರಜಗತ್ತಿನ ಅನುಭವ ಎರಡೂ ಕಡೆಯ ಅತಿರೇಕಗಳನ್ನು ತೋರಿಸಿಕೊಟ್ಟಿದೆ. ಪ್ಯಾಟಗೋನಿಯಾದ ಸೆರೊ ಟೊರೆ ಶಿಖರಕ್ಕೆ 1970ರಲ್ಲಿ ಇಟಲಿಯ ಚೆಸರೆ ಮೇಸ್ತ್ರಿ ಕಂಪ್ರೆಸರ್ ಯಂತ್ರವನ್ನೇ ಹೊತ್ತೊಯ್ದು ನೂರಾರು ಬೋಲ್ಟುಗಳನ್ನು ಹೊಡೆದರು. ಆ ಯಂತ್ರವನ್ನೂ ಬಂಡೆಗೇ ತೂಗುಬಿಟ್ಟು ಬಂದರು. 2012ರಲ್ಲಿ ಇಬ್ಬರು ತರುಣರು ಇಳಿಯುತ್ತಾ ನೂರಕ್ಕೂ ಹೆಚ್ಚು ಬೋಲ್ಟುಗಳನ್ನು ಕಿತ್ತುಹಾಕಿದಾಗ ಕೆಳಗಿನ ಊರಿನಲ್ಲಿ ಅನೇಕರು ಸಿಟ್ಟಿಗೆದ್ದರು. ಹೊಡೆದವರೂ ಯಾರನ್ನೂ ಕೇಳಿರಲಿಲ್ಲ, ಕಿತ್ತವರೂ ಕೇಳಲಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಯು 2023ರ ನವೆಂಬರಿನಲ್ಲಿ, ವನ್ಯಪ್ರದೇಶಗಳಲ್ಲಿನ ಬೋಲ್ಟುಗಳನ್ನು 1964ರ ಕಾಯಿದೆಯಡಿ ನಿಷಿದ್ಧ ನಿರ್ಮಾಣಗಳೆಂದು ಪರಿಗಣಿಸುವ ಕರಡನ್ನು ಹೊರಡಿಸಿತು. ವ್ಯಾಪಕ ವಿರೋಧದಿಂದಾಗಿ ಮರುವರ್ಷವೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2025ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಬೋಲ್ಟುಗಳ ಬಳಕೆಯನ್ನು ನಿಯಮಗಳ ಚೌಕಟ್ಟಿನೊಳಗೆ ಮಾನ್ಯ ಮಾಡಿತು. ಸಾರಾಸಗಟು ನಿಷೇಧವೂ ನಿಲ್ಲಲಿಲ್ಲ, ನಿರಂಕುಶ ಸ್ವಾತಂತ್ರ್ಯವೂ ಉಳಿಯಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಸಮಸ್ಯೆ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಬಳಸುವವರೇ ಕೂಡಿ ನಿಯಮ ಮಾಡಿಕೊಂಡು, ಕಾವಲನ್ನೂ ತಾವೇ ವಹಿಸಿಕೊಂಡ ಕಡೆ ಹಾಗಾಗುವುದಿಲ್ಲ ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ನಮ್ಮ ಸೀಮೆಯವರಿಗೆ ಈ ಪಾಠ ಹೊಸದೇನಲ್ಲ. ಕೆರೆ ಊರಿನದು, ಆದರೆ ತೂಬಿಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಯಾವಾಗ ತೂಬು ತೆರೆಯಬೇಕು, ಎಷ್ಟು ಹೊತ್ತು, ಯಾರ ಗದ್ದೆಗೆ ಎಂಬುದು ಅವನ ಹೊಣೆ. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಊರಿನ ಹೊಣೆ. ತೂಬು ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಮಕ್ಕಳಿಗೂ ಗೊತ್ತಿತ್ತು. ಘಟ್ಟದ ಜಲಪಾತದ ನೆತ್ತಿಯ ಬೋಲ್ಟಿಗೆ ಇಲ್ಲದಿರುವುದು ಇಂಥ ನೀರುಗಂಟಿಯೇ.

ಈ ಹಿನ್ನೆಲೆಯಲ್ಲಿ ಕೆಲವು ಸರಳ ಕ್ರಮಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಕೆಲವು ಸ್ಥಳಗಳಲ್ಲಿ ಏನನ್ನೂ ನೆಡಕೂಡದು. ರಣಹದ್ದುಗಳ ಗೂಡಿರುವ ಗೋಡೆಗಳು, ಸಂರಕ್ಷಿತ ಸ್ಮಾರಕಗಳ ಆಸುಪಾಸು, ಜನ ಪೂಜಿಸುವ ನೀರಿನ ತಾಣಗಳು ಈ ಪಟ್ಟಿಗೆ ಸೇರಬೇಕು. ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯವನ್ನು 2010ರ ತಿದ್ದುಪಡಿ ಕಾನೂನಿನಲ್ಲಿಯೇ ತಂದಿದೆ. ಅಲ್ಲಿ ಕಟ್ಟಡಕ್ಕೆ ತೋರುವ ಬಿಗಿಯನ್ನು ಕೊರೆಯುವ ಯಂತ್ರಕ್ಕೂ ತೋರಬೇಕು. ಎರಡನೆಯದಾಗಿ, ಉಳಿದ ಕಡೆ ಬೋಲ್ಟು ಅನಿವಾರ್ಯವೆನಿಸಿದರೆ ಅರಣ್ಯ ಇಲಾಖೆ, ಸ್ಥಳೀಯ ಗ್ರಾಮ ಪಂಚಾಯಿತಿ ಮತ್ತು ಅನುಭವಿ ಆರೋಹಿಗಳು ಕೂಡಿ ನಿರ್ಧರಿಸಲಿ. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವು ಬಂಡೆಯ ಬೋಲ್ಟುಗಳಿಗೆ ಮಾನದಂಡವನ್ನು ರೂಪಿಸಿದೆ. ಅದಕ್ಕಿಂತ ಕೀಳಾದುದನ್ನು ಒಪ್ಪಬಾರದು. ಹಾಕಿದವರ ಹೆಸರು, ಹಾಕಿದ ವರ್ಷ, ಮುಂದಿನ ಪರೀಕ್ಷೆಯ ವರ್ಷ ಇವು ಒಂದು ವಹಿಯಲ್ಲಿ ದಾಖಲಾಗಲಿ, ಆ ವಹಿ ಯಾರು ಬೇಕಾದರೂ ನೋಡುವಂತಿರಲಿ.

ಮೂರನೆಯದು ಠೇವಣಿ. ನಮ್ಮ ಬಾಲ್ಯದ ಗೋಲಿಸೋಡಾ ಅಂಗಡಿಯವನು ಸೀಸೆ ಮರಳಿಸಿದರೆ ಮಾತ್ರ ಠೇವಣಿಯ ಕಾಸು ಹಿಂದಿರುಗಿಸುತ್ತಿದ್ದ. ಬೀದಿಯಲ್ಲಿ ಸೀಸೆ ಬಿದ್ದಿರುತ್ತಿರಲಿಲ್ಲ. ನೇಪಾಳ ಸರ್ಕಾರ ಎವರೆಸ್ಟಿನ ತಂಡಗಳಿಂದ 4000 ಡಾಲರ್ ಠೇವಣಿ ಪಡೆದು, ಪ್ರತಿ ಆರೋಹಿಯೂ 8 ಕಿಲೋ ಕಸವನ್ನು ಕೆಳಗೆ ತರಬೇಕೆಂದು 2014ರಲ್ಲಿ ನಿಯಮ ಮಾಡಿತು. ತಂದವರ ಕಸ ಬಹುಪಾಲು ಕೆಳಗಿನ ಶಿಬಿರಗಳದ್ದೇ ಆಗಿತ್ತು, ಎತ್ತರದ್ದು ಎತ್ತರದಲ್ಲೇ ಉಳಿಯಿತು ಎಂಬ ದೂರು ಆಮೇಲೆ ಬಂತು. ಅಂದರೆ ಠೇವಣಿಯೊಂದೇ ಸಾಲದು, ಮೇಲೆ ಹೋಗಿ ನೋಡುವ ಕಣ್ಣೂ ಬೇಕು. ನಮ್ಮಲ್ಲಿ ಹಣ ಪಡೆದು ಪ್ರವಾಸ ಏರ್ಪಡಿಸುವ ಸಂಸ್ಥೆಗಳಿಂದ ಇಂಥ ಠೇವಣಿ ಪಡೆದು, ವರ್ಷಕ್ಕೊಮ್ಮೆ ಹಳೆಯ ಪಟ್ಟಿಗಳನ್ನು ಇಳಿಸುವ ಕೆಲಸಕ್ಕೆ ಸ್ಥಳೀಯ ತರುಣರಿಗೆ ತರಬೇತಿ ಮತ್ತು ಕೂಲಿ ಕೊಟ್ಟರೆ, ಕಾವಲೂ ಆಯಿತು, ಉದ್ಯೋಗವೂ ಆಯಿತು.

ಇದೆಲ್ಲ ಸರ್ಕಾರದ ಮೇಲೆ ಇನ್ನೊಂದು ಹೊರೆಯಲ್ಲವೆ ಎಂದು ಓದುಗರು ಕೇಳಬಹುದು. ಆಡಳಿತದಲ್ಲಿ ಮೂರು ದಶಕ ಕಳೆದ ನನಗೂ ವಹಿಗಳ ಮಿತಿ ತಿಳಿದಿದೆ. ಆದರೆ 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದಾಗ ಏನಾಯಿತು? ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ಇಲಾಖೆ ಒಮ್ಮೆಗೇ ನಿಲ್ಲಿಸಬೇಕಾಯಿತು. ಮೊದಲೇ ಕ್ರಮವಿಡದಿದ್ದರೆ ಅವಘಡದ ಮರುದಿನ ನಿಷೇಧವೊಂದೇ ಆಡಳಿತದ ಕೈಯಲ್ಲಿ ಉಳಿಯುತ್ತದೆ. ಶಿಸ್ತಿನಿಂದ ನಡೆದುಕೊಂಡವರಿಗೂ ಆಗ ಬಾಗಿಲು ಮುಚ್ಚುತ್ತದೆ. ಆರೋಹಿಗಳು ತಮ್ಮ ಹಿತಕ್ಕಾಗಿಯೇ ಈ ಶಿಸ್ತನ್ನು ಕೇಳಿ ಪಡೆಯಬೇಕು.

ನಮ್ಮ ಪಕ್ಕದ ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದ ಗುಡ್ಡದಲ್ಲಿ ಬೇಸಿಗೆಯಲ್ಲೂ ಬತ್ತದ ತೀರ್ಥವಿದೆ. ಅಲ್ಲಿಗೆ ಹೋದವರು ನೀರು ಕುಡಿದು, ಕೈಮುಗಿದು ಬರುತ್ತಾರೆ. ನನ್ನ ಸೋದರಳಿಯ ಊರಿಗೆ ಹಿಂತಿರುಗುವ ಮುನ್ನ ಅವನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಹಿಂದಿರುಗುವಾಗ ಅವನು ಹೇಳಿದ್ದಿಷ್ಟು: ಮುಂದಿನ ಬಾರಿ ಅದೇ ಜಲಪಾತಕ್ಕೆ ಹೋಗಿ, ಇಳಿಯುವ ಮೊದಲು, ಮರಕ್ಕೆ ಉಳಿದಿರುವ ಮಿಕ್ಕ ಪಟ್ಟಿಗಳನ್ನೆಲ್ಲ ಬಿಚ್ಚಿ ತರುತ್ತಾನಂತೆ. ಆ ಕಿತ್ತುಹೋದ ಪಟ್ಟಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾನೆ. ಅದನ್ನು ಕಟ್ಟಿದವರಾರೆಂದು ನಮಗಿಬ್ಬರಿಗೂ ಎಂದೂ ತಿಳಿಯುವುದಿಲ್ಲ. ಮುಂದೆ ಕಟ್ಟುವವರ ಹೆಸರಾದರೂ ತಿಳಿದಿರಲಿ.